ಯಾವ ದಿನ ಹೋಗೋಣ?

ಸಾಂತ್ವನ ಹೇಳುವುದು ನಮ್ಮಂಥ ಗುರುಗಳಿಗೆ ದಿನನಿತ್ಯದ ಕೆಲಸ. ರೋಗಿಯ ಮಂಚದ ಬಳಿ, ಸಾವಿನ ಮನೆಯ ಜಗಲಿಯಲ್ಲಿ, ಪೂಜೆ ಮುಗಿದ ಮೇಲೆ ದೇವಾಲಯದ ಬಾಗಿಲಲ್ಲಿ ನಾವು ಆಡುವ ಮಾತುಗಳು ಬಹುಮಟ್ಟಿಗೆ ಒಂದೇ ಬಗೆಯವು: "ಚಿಂತಿಸಬೇಡಿ. ಏನೂ ಆಗುವುದಿಲ್ಲ. ಪ್ರಾರ್ಥಿಸೋಣ." ಈ ಮೂರರಲ್ಲಿ ಕೊನೆಯದನ್ನು ನಾನು ಇಂದಿಗೂ ಹೇಳುತ್ತೇನೆ. ಮೊದಲೆರಡನ್ನು ಹೇಳುವುದನ್ನು ಬಿಟ್ಟಿದ್ದೇನೆ. ಏಕೆ ಬಿಟ್ಟೆನೆಂಬುದನ್ನು ನಿಮ್ಮ ಮುಂದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಇದರಲ್ಲಿ ನನ್ನದೇ ಒಂದು ತಪ್ಪಿನ ನಿವೇದನೆಯೂ ಸೇರಿದೆ. ಆದ್ದರಿಂದ ಬರೆಯಲು ಇಷ್ಟು ತಡವಾಯಿತು.

ಮಧುಗಿರಿ ತಾಲ್ಲೂಕಿನಲ್ಲಿ ಇಟಕದಿಬ್ಬನಹಳ್ಳಿ ಎಂಬ ಹೋಬಳಿಯಿದೆ. ಜನರ ಬಾಯಲ್ಲಿ ಅದು ಐ.ಡಿ.ಹಳ್ಳಿ. ಆಂಧ್ರಪ್ರದೇಶದ ಮಡಕಶಿರಾ ಸೀಮೆ ಅಲ್ಲಿಂದ ದೂರವಲ್ಲ; ಹೀಗಾಗಿ ಅಲ್ಲಿ ಕನ್ನಡದ ನಡುವೆ ತೆಲುಗು ಕಿವಿಗೆ ಬೀಳುವುದು ಸಹಜ. ಬಂಡೆಗುಡ್ಡಗಳ ನಡುವಿನ ಒಣಭೂಮಿ. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಸಾಲ. ಆ ಊರಿನಲ್ಲಿ ನನಗೆ ಬಹುಕಾಲದಿಂದ ಪರಿಚಿತವಾದ ಒಂದು ಮನೆಯಿದೆ. ಮನೆಯ ಯಜಮಾನ ಹಿಂದೊಮ್ಮೆ ನಾನಿದ್ದ ಧರ್ಮಕೇಂದ್ರಕ್ಕೆ ಗಾರೆಯ ಕೆಲಸಕ್ಕೆಂದು ಬಂದವನು. ಅವರು ಕ್ರೈಸ್ತರಲ್ಲ, ಆದರೂ ನಾನು ಆ ಕಡೆ ಹೋದಾಗಲೆಲ್ಲ ಅವರ ಮನೆಯ ಜಗಲಿಯಲ್ಲಿ ಕುಳಿತು ಒಂದು ಲೋಟ ಮಜ್ಜಿಗೆ ಕುಡಿಯದೆ ಬರುವಂತಿಲ್ಲ. ಆ ಮನೆಯ ತಾಯಿಯ ಅಪ್ಪಣೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. "ಹೆಸರು ಬ್ಯಾಡ, ಮಿಕ್ಕಿದ್ದು ಬರೀರಿ" ಎಂದಿದ್ದಾಳೆ.

2016ರ ಆಗಸ್ಟ್ ತಿಂಗಳು. ಹೊಲದಲ್ಲಿ ಕಡಲೆಕಾಯಿ ಗಿಡ ಹೂ ಬಿಟ್ಟಿತ್ತು. ಗಂಡ ಯಾವುದೋ ಕೆಲಸಕ್ಕೆ ಹೊರಗೆ ಹೋದ ಸಮಯ ನೋಡಿ ಆಕೆ ತಗ್ಗಿದ ದನಿಯಲ್ಲಿ, "ಎದೇಲಿ ಒಂದು ಗಂಟು ಆಗೈತೆ ಸ್ವಾಮಿ. ನೋವೇನೂ ಇಲ್ಲ. ಆದ್ರೂ ರಾತ್ರಿ ನಿದ್ದೆ ಬರಾಕಿಲ್ಲ" ಎಂದಳು. ಆಗ ಆಕೆಗೆ ನಲವತ್ತರ ಆಸುಪಾಸು. ನನ್ನ ಕಿವಿ ಬಿಸಿಯಾಯಿತು. ಗುರುಮಠದಲ್ಲಿ ಹಲವು ವರ್ಷ ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದ್ದೆ. ಒಬ್ಬ ಹೆಣ್ಣುಮಗಳು ತನ್ನ ದೇಹದ ಭಯವನ್ನು ಮುಂದಿಟ್ಟಾಗ ಕಣ್ಣು ತಗ್ಗಿಸದೆ ಕೇಳಿಸಿಕೊಳ್ಳುವುದನ್ನು ಮಾತ್ರ ಕಲಿತಿರಲಿಲ್ಲ. ಆತುರದಿಂದ, "ನೋವಿಲ್ಲವೆಂದ ಮೇಲೆ ಚಿಂತೆ ಏಕೆ ತಾಯಿ? ಏನೂ ಆಗುವುದಿಲ್ಲ. ದೇವರನ್ನು ಬೇಡಿಕೊಳ್ಳಿ, ನಾನೂ ಬೇಡುತ್ತೇನೆ" ಎಂದೆ. ಆಕೆಯ ಮುಖ ತಿಳಿಯಾಯಿತು. ಒಳ್ಳೆಯ ಮಾತು ಹೇಳಿದೆನೆಂಬ ತೃಪ್ತಿಯಿಂದ ಬಸ್ಸು ಹತ್ತಿದೆ. ವಾಸ್ತವದಲ್ಲಿ ನಾನು ಆಕೆಯನ್ನು ಚಿಂತೆಯಿಂದ ಬಿಡಿಸಿರಲಿಲ್ಲ. ನನ್ನನ್ನು ನಾನು ಮುಜುಗರದಿಂದ ಬಿಡಿಸಿಕೊಂಡಿದ್ದೆ.

ನೋವಿಲ್ಲದ ಗಂಟು ಅಪಾಯವಿಲ್ಲದ ಗಂಟು ಎಂಬುದು ನಮ್ಮ ಹಳ್ಳಿಗಳಲ್ಲಿ ಮಾತ್ರವಲ್ಲ, ಪಟ್ಟಣಗಳಲ್ಲಿಯೂ ಬೇರೂರಿರುವ ತಪ್ಪು ಕಲ್ಪನೆ. ಸ್ತನದ ಕ್ಯಾನ್ಸರು ಆರಂಭದಲ್ಲಿ ಅನೇಕರಿಗೆ ನೋವನ್ನೇ ಕೊಡುವುದಿಲ್ಲ. ನನಗೆ ಅದು ತಿಳಿದಿರಲಿಲ್ಲ. ತಿಳಿಯದ ವಿಷಯವನ್ನು ತಿಳಿದವನಂತೆ ಹೇಳಿದ್ದೇ ನನ್ನ ತಪ್ಪು.

ಕಡಲೆಕಾಯಿ ಕೀಳುವ ಕಾಲ ಬಂತು, ಒಣಗಿಸಿ ಮಾರುವ ಕಾಲ ಬಂತು, ಸಂಕ್ರಾಂತಿಯೂ ಕಳೆಯಿತು. ಸ್ವಾಮಿಗಳೇ ಹೇಳಿದ್ದಾರೆಂದು ಆಕೆ ಸುಮ್ಮನಿದ್ದಳು. 2017ರ ಫೆಬ್ರವರಿಯಲ್ಲಿ ಗಂಟಿನ ಮೇಲಿನ ಚರ್ಮ ಒಳಕ್ಕೆ ಸೆಳೆದುಕೊಂಡಿದ್ದನ್ನು ನಾದಿನಿ ನೋಡಿ ಮನೆಯವರಿಗೆ ತಿಳಿಸಿದಳು. ಮೊದಲು ತುಮಕೂರು, ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. ಔಷಧಿಯಿಂದ ಗಂಟನ್ನು ಕುಗ್ಗಿಸಿ, ಆಮೇಲೆ ಶಸ್ತ್ರಚಿಕಿತ್ಸೆ ಮಾಡಿ, ಕೊನೆಗೆ ವಿಕಿರಣ ಕೊಟ್ಟರು. ಆಗ ಜಾರಿಯಲ್ಲಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆಯಿಂದ ಹೊಲ ಮಾರುವುದು ತಪ್ಪಿತು. ಕೂದಲು ಉದುರಿ ತಲೆಗೆ ಸೆರಗು ಹೊದ್ದು ಕುಳಿತಿದ್ದ ಆಕೆಯನ್ನು ನೋಡಲು ಹೋದಾಗ ಗಂಡ ಮುಗ್ಧವಾಗಿ ನನಗೆ ಹೇಳಿದ: "ಆರು ತಿಂಗಳು ಮುಂಚೆ ತಂದಿದ್ರೆ ಇಷ್ಟೆಲ್ಲ ಬೇಕಿರ್ಲಿಲ್ಲ ಅಂದ್ರು ಸ್ವಾಮಿ ಡಾಕ್ಟ್ರು. ಇವಳು ಯಾರ ಹತ್ರಾನೂ ಬಾಯಿ ಬಿಟ್ಟಿರ್ಲಿಲ್ಲ." ಆಕೆ ಒಮ್ಮೆ ನನ್ನತ್ತ ನೋಡಿ ತಲೆ ತಗ್ಗಿಸಿದಳು. ಏನೂ ಹೇಳಲಿಲ್ಲ. ಆಗಸ್ಟ್ ತಿಂಗಳಲ್ಲಿ ಬಾಯಿ ಬಿಟ್ಟದ್ದು ನನ್ನ ಹತ್ತಿರ ಎಂಬುದು ಆ ಜಗಲಿಯಲ್ಲಿ ನಮ್ಮಿಬ್ಬರಿಗೆ ಮಾತ್ರ ತಿಳಿದಿತ್ತು. ನಾನೂ ಹೇಳಲಿಲ್ಲ.

ಪ್ರಿಯ ಓದುಗರೇ, ಕಥೆ ಇಲ್ಲಿಗೇ ಮುಗಿದಿದ್ದರೆ ನಾನೊಂದು ಪಾಠ ಕಲಿತು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ 2024ರ ಜನವರಿ ಕೊನೆಯ ವಾರದ ಒಂದು ಬೆಳಿಗ್ಗೆ ಸ್ನಾನ ಮಾಡುತ್ತಿದ್ದಾಗ ನನ್ನ ಎಡ ಎದೆಯ ಮೊಲೆತೊಟ್ಟಿನ ಹಿಂದೆ ಅಡಿಕೆಯಷ್ಟು ದಪ್ಪದ ಗಂಟು ಬೆರಳಿಗೆ ಸಿಕ್ಕಿತು.

ಗಂಡಸರಿಗೂ ಸ್ತನದ ಕ್ಯಾನ್ಸರ್ ಬರುತ್ತದೆ. ಸ್ತನ ಕ್ಯಾನ್ಸರ್ ಪೀಡಿತರಲ್ಲಿ ಸುಮಾರು ನೂರಕ್ಕೆ ಒಬ್ಬರು ಪುರುಷರು. ಇದನ್ನು ನಾನು ಎಲ್ಲೋ ಓದಿದ್ದೆ. ಆ ದಿನದಿಂದ ಆ 'ನೂರಕ್ಕೆ ಒಬ್ಬ' ನಾನೇ ಆದೆ. ಬೆಳಿಗ್ಗೆ ಮುಟ್ಟಿ ನೋಡಿದರೆ ದೊಡ್ಡದಾದಂತೆ, ಸಂಜೆ ಮುಟ್ಟಿದರೆ ಚಿಕ್ಕದಾದಂತೆ ತೋರುತ್ತಿತ್ತು. ಮುಟ್ಟಿ ಮುಟ್ಟಿ ಆ ಜಾಗ ನೋಯತೊಡಗಿತು. ನೋವು ಬಂತೆಂದು ಇನ್ನಷ್ಟು ಹೆದರಿದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ. ಜಪಸರ ಹಿಡಿದರೆ ಬೆರಳು ಮಣಿಯ ಮೇಲೆ, ಮನಸ್ಸು ಗಂಟಿನ ಮೇಲೆ. ಫೆಬ್ರವರಿ 5ರಂದು ಸಂತ ಅಗಾಥಳ ಸ್ಮರಣೆ. ಮೂರನೆಯ ಶತಮಾನದಲ್ಲಿ ಸಿಸಿಲಿಯ ಕತಾನಿಯಾದಲ್ಲಿ ರಕ್ತಸಾಕ್ಷಿಯಾದ ಈ ಯುವತಿಯ ಸ್ತನಗಳನ್ನು ಪೀಡಕರು ಕತ್ತರಿಸಿದರೆಂಬುದು ಪರಂಪರೆ. ಆದ್ದರಿಂದಲೇ ಸ್ತನರೋಗಿಗಳು ಆಕೆಯ ಮೊರೆಹೋಗುತ್ತಾರೆ. ಬಲಿಪೂಜೆಯ ಪ್ರಾಚೀನ ರೋಮನ್ ಪ್ರಾರ್ಥನೆಯಲ್ಲಿ ಆಕೆಯ ಹೆಸರಿದೆ. ವರ್ಷಗಟ್ಟಲೆ ನಿರಾತಂಕವಾಗಿ ಉಚ್ಚರಿಸಿದ್ದ ಆ ಹೆಸರಿನ ಬಳಿ ಅಂದು ನನ್ನ ದನಿ ತಡೆಯಿತು. ಗಂಟಲು ಕಟ್ಟಿದೆಯೆಂದು ಜನ ತಿಳಿದರು. ನಾನೂ ಹಾಗೆಯೇ ತಿಳಿಯಗೊಟ್ಟೆ.

ಯಾರಿಗೂ ಹೇಳಲಿಲ್ಲ. ವೈದ್ಯರ ಮುಂದೆ ಅಂಗಿ ಬಿಚ್ಚಿ 'ಸ್ತನದಲ್ಲಿ ಗಂಟಾಗಿದೆ' ಎನ್ನಲು ನಾಚಿಕೆ. ಜೊತೆಯ ಗುರುಗಳು ನಕ್ಕಾರೆಂಬ ಅಳುಕು. ಎಲ್ಲಕ್ಕಿಂತ ಮಿಗಿಲಾಗಿ, ಹೋಗದಿದ್ದರೆ ಅದು ಬರಿಯ ಗಂಟು, ಹೋದರೆ ಅದಕ್ಕೊಂದು ಹೆಸರು ಬರುತ್ತದೆ ಎಂಬ ವಿಚಿತ್ರ ತರ್ಕ. ಅದೇ ಹೊತ್ತಿನಲ್ಲಿ, ಚಿಂತೆ ಪಡುವುದೇ ಅವಿಶ್ವಾಸವಲ್ಲವೇ ಎಂಬ ಅಪರಾಧಭಾವ ಬೇರೆ. ಹೀಗೆ ಸುಮಾರು ನಲವತ್ತು ದಿನಗಳು ಕಳೆದವು. ಆ ತಾಯಿ ಆರು ತಿಂಗಳು ಹೊತ್ತದ್ದು ಎಂಥ ಭಾರವೆಂದು ಆಗ ಅರ್ಥವಾಯಿತು. ಅರ್ಥವಾದ ಮೇಲೂ ನಾನು ಮಾಡಿದ್ದು ಅದನ್ನೇ.

ಮಾರ್ಚ್ ಮೊದಲ ವಾರ ಐ.ಡಿ.ಹಳ್ಳಿಗೆ ಹೋದೆ. ಆಕೆ ಮೊರದ ತುಂಬ ಕಡಲೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದಳು. ಕೂದಲು ದಟ್ಟವಾಗಿ ಬೆಳೆದಿತ್ತು, ನಡುನಡುವೆ ನರೆ. ನನ್ನನ್ನು ನೋಡಿದ ಸ್ವಲ್ಪ ಹೊತ್ತಿನಲ್ಲೇ, "ಯಾಕ್ ಸ್ವಾಮಿ ಪದೇ ಪದೇ ಎದೆ ಮುಟ್ಕೊಳ್ತೀರಿ?" ಎಂದು ಕೇಳಿದಳು. ಆ ಅಭ್ಯಾಸ ನನ್ನ ಗಮನಕ್ಕೇ ಬಂದಿರಲಿಲ್ಲ. ಅದೇ ಅಭ್ಯಾಸವಿದ್ದ ಆಕೆಯ ಕಣ್ಣಿಗೆ ಬಿದ್ದಿತ್ತು. ಹೇಳಿದೆ. ಗಂಟಿನ ವಿಷಯ ಹೇಳಿದೆ, 2016ರ ವಿಷಯವನ್ನೂ ಹೇಳಿ ಕ್ಷಮೆ ಕೇಳಿದೆ. ಆಕೆ ಕ್ಷಮೆಯ ಮಾತಿಗೆ ಉತ್ತರ ಕೊಡಲಿಲ್ಲ. ಕಡಲೆಕಾಯಿಯೊಂದನ್ನು ಬೆರಳುಗಳ ನಡುವೆ ಒತ್ತಿ ಚಟ್ಟನೆ ಒಡೆದು, "ಮಣ್ಣೊಳಗಿರೋದನ್ನ ಮ್ಯಾಲಿಂದ ಸವರಿ ಹೇಳಾಕಾಯ್ತದಾ ಸ್ವಾಮಿ? ಒಂದು ಗಿಡ ಕಿತ್ತು ನೋಡ್ಬೇಕು. ಯಾವ ದಿನ ಹೋಗಾಣ?" ಎಂದಳು.

ಯಾವ ದಿನ ಹೋಗೋಣ! ಆ ಮಾತಿನಲ್ಲಿ ಭರವಸೆಯ ಒಂದು ಶಬ್ದವೂ ಇರಲಿಲ್ಲ. ಏನೂ ಆಗುವುದಿಲ್ಲ ಎಂದು ಆಕೆ ಹೇಳಲಿಲ್ಲ. ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ. ಆದರೆ ಆ ರಾತ್ರಿ ನಾನು ಬೆಳಗಿನವರೆಗೆ ನಿದ್ರಿಸಿದೆ. ಗಂಟು ಇದ್ದಲ್ಲಿಯೇ ಇತ್ತು. ಬದಲಾದದ್ದು ಇಷ್ಟೇ: ನನ್ನ ಚಿಂತೆಗೆ ಒಂದು ತಾರೀಖು ಸಿಕ್ಕಿತ್ತು, ಒಬ್ಬ ಜೊತೆಗಾರ ಸಿಕ್ಕಿದ್ದ. ಆಕೆಯ ಗಂಡನೇ ನನ್ನೊಡನೆ ಬೆಂಗಳೂರಿಗೆ ಬಂದ.

ನೀವು ತಿಳಿದಿರಲೆಂದು ಆ ತಪಾಸಣೆಯ ಕ್ರಮವನ್ನು ಹೇಳುತ್ತೇನೆ; ತಿಳಿಯದ ಕೋಣೆಯೇ ಹೆಚ್ಚು ಕತ್ತಲೆ. ಮೊದಲು ವೈದ್ಯರು ಕೈಯಿಂದ ಮುಟ್ಟಿ ಗಂಟನ್ನೂ ಕಂಕುಳನ್ನೂ ಪರೀಕ್ಷಿಸುತ್ತಾರೆ. ಎರಡನೆಯದಾಗಿ ಚಿತ್ರ ತೆಗೆಯುತ್ತಾರೆ. ಎಳೆಯ ವಯಸ್ಸಿನವರಿಗೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್, ನಲವತ್ತು ದಾಟಿದವರಿಗೆ ಮ್ಯಾಮೊಗ್ರಾಮ್ ಅಥವಾ ಎರಡೂ. ಮೂರನೆಯದಾಗಿ, ಅಗತ್ಯವೆನಿಸಿದರೆ, ಸೂಜಿಯಿಂದ ಗಂಟಿನ ಚಿಕ್ಕ ಅಂಶವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂಬ ಮಾತನ್ನು ನೀವೂ ಕೇಳಿರಬಹುದು. ಆ ಭಯಕ್ಕೆ ಆಧಾರವಿಲ್ಲ. ಆ ತಾಯಿ ಹೇಳಿದಂತೆ ಅದು ಹೊಲದ ಒಂದು ಗಿಡವನ್ನು ಕಿತ್ತು ನೋಡುವ ಕೆಲಸ. ಹೆಂಗಸರಲ್ಲಿ ಕಾಣಿಸಿಕೊಳ್ಳುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ನೀರು ತುಂಬಿದ ಚೀಲ, ಎಳೆಯರಲ್ಲಿ ಬೆಳೆಯುವ ನಿರಪಾಯದ ಗಡ್ಡೆ, ಹಾಲೂಡುವ ತಾಯಂದಿರಲ್ಲಿ ಸೋಂಕಿನಿಂದ ಬರುವ ಬಾವು, ಹೀಗೆ ಕಾರಣಗಳು ಹಲವು. ಆದರೆ ಯಾವುದು ಯಾವುದೆಂದು ಬೆರಳು ಹೇಳಲಾರದು. ಪಕ್ಕದ ಮನೆಯವರು ಹೇಳಲಾರರು. ಗುರುಗಳಂತೂ ಹೇಳಲಾರರು.

ವರದಿಗಾಗಿ ಕಾಯುವ ದಿನಗಳು ಮಾತ್ರ ಸುಲಭವಲ್ಲ. ಗೆತ್ಸೆಮನಿ ತೋಪಿನ ಪ್ರಸಂಗವನ್ನು ನಾನು ಹೊಸದಾಗಿ ಓದಿದ್ದು ಆಗ. ಪ್ರಭು ಯೇಸು ಅಲ್ಲಿ ನಿಶ್ಚಿಂತನಾಗಿರಲಿಲ್ಲ, ಕಳವಳಪಟ್ಟನು, ಬೆವರಿದನು. ತನ್ನ ಕಳವಳವನ್ನು ಮೂವರು ಸ್ನೇಹಿತರಿಗೆ ಬಾಯಿಬಿಟ್ಟು ಹೇಳಿ, ತನ್ನೊಡನೆ ಎಚ್ಚರವಾಗಿರಲು ಕೇಳಿಕೊಂಡನು. ಆ ಮೇಲೆ ಎದ್ದು, ಬರಬೇಕಾದುದನ್ನು ಎದುರುಗೊಳ್ಳಲು ನಡೆದನು. ಹಾಗಾದರೆ ಚಿಂತೆ ಅವಿಶ್ವಾಸವಲ್ಲ. ಚಿಂತೆಯನ್ನು ಒಬ್ಬರೇ ಬಚ್ಚಿಟ್ಟುಕೊಂಡು ಕುಳಿತುಬಿಡುವುದು ಬೇರೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯನ್ನೂ ನೆನೆದೆ. ಜನಜಂಗುಳಿಯಲ್ಲಿ ಯಾರಿಗೂ ತಿಳಿಯದಂತೆ ಉಡುಪಿನ ಅಂಚನ್ನು ಮುಟ್ಟಿ ಹೋಗಬಯಸಿದವಳು ಆಕೆ. ಪ್ರಭು ಆಕೆಯನ್ನು ನಿಲ್ಲಿಸಿ, ನಡೆದುದನ್ನೆಲ್ಲ ಆಕೆಯ ಬಾಯಿಂದಲೇ ಕೇಳಿದನು. ಆಕೆಯ ಮಾತಿಗೆ ನಾಚಲಿಲ್ಲ, ಅವಸರಪಡಲಿಲ್ಲ. ನಾನು 2016ರಲ್ಲಿ ಮಾಡದೆ ಹೋದ ಕೆಲಸ ಅದು.

ಪವಿತ್ರ ವಾರಕ್ಕೆ ಮುಂಚೆ ನನ್ನ ವರದಿ ಬಂತು. ಗಂಡಸರಲ್ಲಿ ವಯಸ್ಸಾದಂತೆ ಸ್ತನದ ಅಂಗಾಂಶ ಊದಿಕೊಳ್ಳುವುದುಂಟು. ಹೃದಯಕ್ಕೂ ರಕ್ತದೊತ್ತಡಕ್ಕೂ ಕೊಡುವ ಕೆಲವು ಮಾತ್ರೆಗಳಿಂದಲೂ ಹಾಗಾಗುತ್ತದೆ. ನನ್ನದು ಅದೇ. ವೈದ್ಯರು ಮಾತ್ರೆ ಬದಲಿಸಿದರು. ಆಸ್ಪತ್ರೆಯ ಹೊರಗಿನ ಅಂಗಡಿಯಲ್ಲಿ ಕಾಫಿ ಕುಡಿಯುತ್ತ ನಾನು ದೇವರಿಗೆ ವಂದನೆ ಹೇಳಿದೆ. ಹೇಳುತ್ತಿದ್ದಂತೆ ಎದುರಿಗೆ ಕುಳಿತಿದ್ದ ಆ ಮನುಷ್ಯನ ಮುಖ ಕಂಡು ನಾಲಿಗೆ ತಡೆಯಿತು. ಏಳು ವರ್ಷಗಳ ಹಿಂದೆ ಇಂಥದೇ ಒಂದು ವರದಿ ಅವನ ಕೈಯಲ್ಲಿ ಬೇರೆ ಉತ್ತರ ಹಿಡಿದು ನಿಂತಿತ್ತು. ನನ್ನ ಪ್ರಾರ್ಥನೆ ಆಕೆಯ ಪ್ರಾರ್ಥನೆಗಿಂತ ಹೆಚ್ಚಿನದಾಗಿರಲಿಲ್ಲ. ವರದಿ ಎಂಬುದು ನಮ್ಮ ಭಕ್ತಿಗೆ ಕೊಡುವ ಅಂಕಪಟ್ಟಿಯಲ್ಲ. ಹಾಗೆ ಭಾವಿಸಿದರೆ ರೋಗಿಗಳಿಗೆ ನಾವು ಎರಡನೆಯ ರೋಗವನ್ನು ಕೊಟ್ಟಂತೆ.

ನಮ್ಮ ಭಯ ಬಹಳ ಹಳೆಯದು. ಆಂಗ್ಲ ಕಾದಂಬರಿಕಾರ್ತಿ ಫ್ಯಾನಿ ಬರ್ನಿ 1811ರಲ್ಲಿ ಪ್ಯಾರಿಸಿನಲ್ಲಿ ಸ್ತನದ ಶಸ್ತ್ರಚಿಕಿತ್ಸೆಗೆ ಒಳಗಾದಾಗ ಅರಿವಳಿಕೆ ಇನ್ನೂ ಬಳಕೆಗೆ ಬಂದಿರಲಿಲ್ಲ. ಎಚ್ಚರವಿದ್ದಂತೆಯೇ ಅದನ್ನು ಸಹಿಸಿದ ಆಕೆ, ಆ ಅನುಭವವನ್ನು ಸೋದರಿಗೆ ಪತ್ರವಾಗಿ ಬರೆದು ಮುಗಿಸಲು ತಿಂಗಳುಗಳನ್ನೇ ತೆಗೆದುಕೊಂಡಳು. ಆಮೇಲೆ 1840ರವರೆಗೆ ಬದುಕಿದಳು. ಆ ಕಾಲದವರು ಹೆದರಿ ತಡಮಾಡಿದ್ದರೆ ಅದಕ್ಕೆ ಕಾರಣವಿತ್ತು. ಇಂದು ಚಿಕಿತ್ಸೆ ಬದಲಾಗಿದೆ, ನಮ್ಮ ಭಯ ಮಾತ್ರ ಬದಲಾಗಿಲ್ಲ. ಬೇಗ ಗುರುತಿಸಿದಲ್ಲಿ ಅನೇಕರಿಗೆ ಇಡೀ ಸ್ತನವನ್ನು ತೆಗೆಯುವ ಅಗತ್ಯವೇ ಬೀಳುವುದಿಲ್ಲ. ನಮ್ಮ ದೇಶದ ಸ್ತ್ರೀಯರಲ್ಲಿ ಅತ್ಯಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ; 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷ ಸುಮಾರು 1 ಲಕ್ಷ 92 ಸಾವಿರ ಮಂದಿಗೆ ಇದು ಹೊಸದಾಗಿ ಬಂದಿತು, ಸುಮಾರು 98 ಸಾವಿರ ಮಂದಿ ಇದರಿಂದ ತೀರಿಕೊಂಡರು. ತಡವಾಗಿ ಬರುವುದು ಈ ಸಾವುಗಳಿಗೆ ಒಂದು ಮುಖ್ಯ ಕಾರಣ. ಆ ತಡಕ್ಕೆ ಬಡತನವೊಂದೇ ಹೊಣೆಯಲ್ಲ. ನಾಚಿಕೆಯೂ ಹೊಣೆ, ನನ್ನಂಥವರ ಹುಸಿ ಸಾಂತ್ವನವೂ ಹೊಣೆ.

ದಾರಿಗಳೂ ಇವೆ. 30 ವರ್ಷ ದಾಟಿದ ಸ್ತ್ರೀಯರಿಗೆ ಸ್ತನ, ಬಾಯಿ ಮತ್ತು ಗರ್ಭಕೊರಳಿನ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಾಡಿಸುವ ರಾಷ್ಟ್ರೀಯ ಕಾರ್ಯಕ್ರಮವಿದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ನೆರವಾಗುತ್ತದೆ. ಗಂಡು ವೈದ್ಯರೆಂಬ ಸಂಕೋಚವಿದ್ದರೆ ಈ ಕ್ಷೇತ್ರದಲ್ಲಿ ನುರಿತ ಹೆಣ್ಣುಮಕ್ಕಳಿದ್ದಾರೆ. ಕಲಬುರಗಿಯ ಬಡ ಕುಟುಂಬದಲ್ಲಿ ಹುಟ್ಟಿ, ಕಿದ್ವಾಯಿ ಸಂಸ್ಥೆಯಲ್ಲಿ ದೀರ್ಘಕಾಲ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ನಡೆಸಿದ ಡಾ. ವಿಜಯಲಕ್ಷ್ಮಿ ದೇಶಮಾನೆಯವರಿಗೆ 2025ರಲ್ಲಿ ಪದ್ಮಶ್ರೀ ಗೌರವ ಸಂದಿತು. ರೋಗ ಖಚಿತವಾದ ಮೇಲಿನ ಬದುಕು ಹೇಗಿರುತ್ತದೆಂದು ತಿಳಿಯಬಯಸುವವರಿಗೆ ಭಾರತಿ ಬಿ.ವಿ. ಅವರು ತಮ್ಮ ಸ್ತನ ಕ್ಯಾನ್ಸರಿನ ಅನುಭವವನ್ನು ಬರೆದ 'ಸಾಸಿವೆ ತಂದವಳು' ಕನ್ನಡದಲ್ಲಿಯೇ ಇದೆ.

ಇನ್ನು ನಿಮ್ಮಲ್ಲಿ ಯಾರ ಬೆರಳಿಗಾದರೂ ಇಂಥ ಗಂಟು ಈಗಾಗಲೇ ಸಿಕ್ಕಿದ್ದು, ಈ ಪುಟವನ್ನು ಓದುತ್ತ ನೀವು ಸುತ್ತ ನೋಡುತ್ತಿದ್ದರೆ, ನಿಮಗೆ ಎರಡು ಮಾತು. ದಿನಕ್ಕೆ ಹತ್ತು ಸಲ ಮುಟ್ಟಿ ನೋಡಬೇಡಿ; ಗಂಟು ಅದರಿಂದ ಉತ್ತರ ಹೇಳುವುದಿಲ್ಲ. ಇಂದು ರಾತ್ರಿ ಮಲಗುವ ಮುನ್ನ ಒಬ್ಬರಿಗೆ ಹೇಳಿ: ಗಂಡನಿಗೆ, ಮಗಳಿಗೆ, ಅಕ್ಕನಿಗೆ, ಸೋದರಿ ಕನ್ಯಾಸ್ತ್ರೀಯೊಬ್ಬರಿಗೆ. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಲ್ಲಿ ಕುಳಿತಾಗ ಎಲ್ಲವೂ ಮರೆತುಹೋಗುತ್ತದೆ. ಕಾಯುವ ದಿನಗಳಲ್ಲಿ ಕೈಗೆ ಕೆಲಸ ಕೊಡಿ. ಪ್ರಾರ್ಥನೆ ಬಾರದಿದ್ದರೆ ನೊಂದುಕೊಳ್ಳಬೇಡಿ. ಒಂದು ವಾಕ್ಯ ಸಾಕು, ಅದೂ ಆಗದಿದ್ದರೆ ನಿಮ್ಮ ಪರವಾಗಿ ಬೇರೆಯವರು ಪ್ರಾರ್ಥಿಸಲಿ. ಆದರೆ ಪ್ರಾರ್ಥನೆಯನ್ನು ಪರೀಕ್ಷೆಯ ಬದಲಿಗೆ ಇಡಬೇಡಿ. ಎರಡೂ ಒಂದೇ ಬಸ್ಸಿನಲ್ಲಿ ಹೋಗಬಲ್ಲವು.

ಮನೆಯವರಿಗೂ ಒಂದು ಮಾತು. ನಿಮ್ಮ ಹೆಂಡತಿ, ತಾಯಿ, ಸೊಸೆ ಹೀಗೆಂದು ಹೇಳಿದಾಗ, "ಏನೂ ಆಗುವುದಿಲ್ಲ" ಎಂದು ನಾನು ಹೇಳಿದಂತೆ ಹೇಳಿಬಿಡಬೇಡಿ. ಅದು ಪ್ರೀತಿಯ ಮಾತಿನಂತೆ ಕೇಳಿಸಿದರೂ, ಮಾತನ್ನು ಅಲ್ಲಿಗೇ ಮುಗಿಸುವ ಮಾತು. ಬೆಳೆ ಕೀಳುವುದಿದೆ, ಮದುವೆಯಿದೆ, ಮಕ್ಕಳ ಪರೀಕ್ಷೆಯಿದೆ ಎಂದು ಆಕೆಯೇ ಮುಂದೂಡಲು ನೋಡಿಯಾಳು. ನೀವು ಕ್ಯಾಲೆಂಡರ್ ತೆಗೆಯಿರಿ.

ಕಳೆದ ಸಲ ಐ.ಡಿ.ಹಳ್ಳಿಗೆ ಹೋದಾಗ ಆ ತಾಯಿ ಮನೆಯಲ್ಲಿರಲಿಲ್ಲ. ಓಣಿಯ ಎಳೆಯ ಸೊಸೆಯೊಬ್ಬಳನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ತುಮಕೂರಿಗೆ ಹೋಗಿದ್ದಾಳೆಂದು ಗಂಡ ಹೇಳಿದ. ಏನಾಗಿದೆಯೆಂದು ನಾನು ಕೇಳಲಿಲ್ಲ. ಜಗಲಿಯ ಮೇಲೆ ಮೊರದಲ್ಲಿ ಅರ್ಧ ಸುಲಿದ ಕಡಲೆಕಾಯಿ ಹಾಗೆಯೇ ಇತ್ತು. ಮಜ್ಜಿಗೆ ಬರುವವರೆಗೆ ಕುಳಿತು, ಉಳಿದ ಅರ್ಧವನ್ನು ನಾನು ಸುಲಿದೆ.